ನನ್ನದೇ ದನಿ ಕೇಳಿದ ದಿನ: ಡಾಕ್ಟರಿಗೆ ಕೇಳಿಸಿಕೊಳ್ಳೋದನ್ನ ಕಲಿಸೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಆಡುಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ಹೋದ ಸಂಚಿಕೆ ಆದ ಮೇಲೆ ಬಂದ ಮೆಸೇಜುಗಳಲ್ಲಿ ಒಂದೇ ದೂರು ಬೇರೆ ಬೇರೆ ಮಾತಲ್ಲಿ ಮತ್ತೆ ಮತ್ತೆ ಇತ್ತು. "ಧೈರ್ಯ ಮಾಡಿ ಸೈಕಿಯಾಟ್ರಿಸ್ಟ್ ಹತ್ರ ಹೋದೆ. ಐದು ನಿಮಿಷ. ನಿದ್ದೆ ಬರತ್ತಾ, ಊಟ ಸೇರತ್ತಾ ಅಂತ ಕೇಳಿದ್ರು. ಮಾತ್ರೆ ಬರೆದ್ರು. ನಾನು ಹೇಳಬೇಕು ಅಂತ ಹೋಗಿದ್ದನ್ನ ಹೇಳಲೇ ಇಲ್ಲ." ಇದನ್ನ ಬರೆದವರಲ್ಲಿ ಹುಬ್ಬಳ್ಳಿಯವರಿದ್ದಾರೆ, ಮಂಗಳೂರಿನವರಿದ್ದಾರೆ, ಬೆಂಗಳೂರಲ್ಲಿ ಪಿಜಿಯಲ್ಲಿರೋ ಹುಡುಗರಂತೂ ಬೇಕಾದಷ್ಟು.

ನಾನೂ ಸೈಕಿಯಾಟ್ರಿಸ್ಟೇ. ಹಾಗಾಗಿ ಇದು ನನ್ನ ಮೇಲಿನ ದೂರೂ ಹೌದು. ಸಮರ್ಥನೆ ಮಾಡ್ಕೊಳ್ಳೋಕೆ ಇವತ್ತು ಕೂತಿಲ್ಲ. ಆ ಐದು ನಿಮಿಷ ಯಾಕೆ ಹಾಗಿರತ್ತೆ, ನಮಗೆ ಕಾಲೇಜಲ್ಲಿ ಏನು ಕಲಿಸಿದ್ರು, ಏನು ಕಲಿಸಲಿಲ್ಲ, ಅದನ್ನ ಹೇಳ್ತೀನಿ.

ಎಂಡಿ ಎರಡನೇ ವರ್ಷದಲ್ಲಿ ನಡೆದದ್ದರಿಂದ ಶುರು ಮಾಡ್ತೀನಿ. (ರೋಗಿಗಳ ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿದ್ದೀನಿ.) ಒಬ್ಬ ಹುಡುಗ, ಇಪ್ಪತ್ತೆರಡರ ಆಸುಪಾಸು, ವಾರಕ್ಕೊಂದು ಸಲ ನನ್ನ ಹತ್ರ ಮಾತಾಡೋಕೆ ಬರ್ತಿದ್ದ. ಅವನ ಒಪ್ಪಿಗೆ ಬರೆಸಿಕೊಂಡು ಸೆಷನ್ ರೆಕಾರ್ಡ್ ಮಾಡಿದೆ. ನನ್ನ ಸೂಪರ್‌ವೈಸರ್ ಕ್ಲಿನಿಕಲ್ ಸೈಕಾಲಜಿಸ್ಟ್, ವಯಸ್ಸಲ್ಲಿ ನಮ್ಮಮ್ಮನಷ್ಟು ದೊಡ್ಡವರು. ರೆಕಾರ್ಡರನ್ನ ಮೇಜಿನ ಮೇಲಿಟ್ಟು ಪ್ಲೇ ಒತ್ತಿದ್ರು. ನಾನು ಮಾತ್ರ ಒಳ್ಳೇ ಸೆಷನ್ ಮಾಡಿದ್ದೀನಿ ಅನ್ನೋ ಖುಷಿಯಲ್ಲಿ ಕೂತಿದ್ದೆ.

ಹುಡುಗ ಹೇಳ್ತಾನೆ: "ಅಮ್ಮ ಹೋದ್ಮೇಲೆ ಮನೇಲಿ ಯಾರೂ..." ಅಷ್ಟರಲ್ಲಿ ನನ್ನ ದನಿ: "ಹ್ಞಾಂ, ನಿದ್ದೆ ಹೇಗಿದೆ?"

ಅವನು: "ನಿದ್ದೆ ಪರವಾಗಿಲ್ಲ ಮೇಡಂ."

ಮೇಡಂ ಅಲ್ಲಿಗೆ ಟೇಪ್ ನಿಲ್ಲಿಸಿದ್ರು. ಏನೂ ಹೇಳಲಿಲ್ಲ. ಹಿಂದಕ್ಕೆ ಮಾಡಿ ಇನ್ನೊಂದು ಸಲ ಹಾಕಿದ್ರು. ಆಮೇಲೆ ಕೇಳಿದ್ರು, "ಯಾರೂ ಅಂದ್ಮೇಲೆ ಏನಿತ್ತು?" ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಯಾರೂ ಅಡುಗೆ ಮಾಡಲ್ಲ ಅಂತಿದ್ನಾ, ಯಾರೂ ಮಾತಾಡಲ್ಲ ಅಂತಿದ್ನಾ, ಯಾರೂ ಅತ್ತಿಲ್ಲ ಅಂತಿದ್ನಾ? ಆ ವಾಕ್ಯಕ್ಕೆ ಅವನು ವಾಪಸ್ ಬರಲೇ ಇಲ್ಲ.

ಮೇಡಂ ಆಮೇಲೆ ಕೇಳಿದ ಪ್ರಶ್ನೆ ಇನ್ನೂ ಕಷ್ಟದ್ದು. "ಅವನು 'ಅಮ್ಮ ಹೋದ್ಮೇಲೆ' ಅಂದಾಗ ನಿಂಗೆ ಏನಾಯ್ತು?" ಏನಾಗಿಲ್ಲ ಅಂದೆ. ಸುಮ್ಮನೆ ಕೂತ್ರು. ಒಂದು ನಿಮಿಷ ಆಗಿರಬಹುದು, ನನಗೆ ಅರ್ಧ ಗಂಟೆ ಅನ್ನಿಸ್ತು. ಕೊನೆಗೆ ನಾನೇ ಬಾಯಿಬಿಟ್ಟೆ. ಭಯ ಆಯ್ತು ಮೇಡಂ, ಅವನು ಅತ್ತುಬಿಟ್ರೆ ಏನ್ ಮಾಡೋದು ಅಂತ.

ಹುಡುಗನ ನಿದ್ದೆ ಬಗ್ಗೆ ನನಗಿದ್ದ ಕಾಳಜಿ ಅಷ್ಟೇ ನೋಡಿ. ನನ್ನ ಭಯಕ್ಕೆ ಒಂದು ಪ್ರಶ್ನೆ ಬೇಕಿತ್ತು, ನಿದ್ದೆ ಕೈಗೆ ಸಿಕ್ತು.

ಇದು ನನ್ನೊಬ್ಬಳ ಕಥೆಯಲ್ಲ. 1984ರಲ್ಲಿ ಅಮೆರಿಕದಲ್ಲಿ ಬೆಕ್‌ಮನ್ ಮತ್ತು ಫ್ರ್ಯಾಂಕೆಲ್ ಅನ್ನೋ ಇಬ್ಬರು, ಡಾಕ್ಟರುಗಳು ರೋಗಿಗಳ ಜೊತೆ ಮಾತಾಡೋದನ್ನ ರೆಕಾರ್ಡ್ ಮಾಡಿ ಅಳೆದರು. ರೋಗಿ ತನ್ನ ತೊಂದರೆ ಹೇಳೋಕೆ ಶುರು ಮಾಡಿದ ಮೇಲೆ ಡಾಕ್ಟರು ಮಧ್ಯೆ ಬಾಯಿ ಹಾಕೋಕೆ ಹಿಡಿದ ಸಮಯ ಸರಾಸರಿ 18 ಸೆಕೆಂಡ್. ಸುಮಾರು ಮೂವತ್ತೈದು ವರ್ಷ ಬಿಟ್ಟು ಅಲ್ಲೇ ಬೇರೆಯವರು ಮಾಡಿದ ಅಧ್ಯಯನದಲ್ಲಿ ಅದು 11 ಸೆಕೆಂಡಿಗೆ ಇಳಿದಿತ್ತು. ನೀವು ರೀಲ್ ಸ್ಕ್ರಾಲ್ ಮಾಡೋಕೆ ತಗೊಳ್ಳೋವಷ್ಟು ಹೊತ್ತು.

ಡಾಕ್ಟರುಗಳು ಕೆಟ್ಟವರು ಅಂತ ಇದರರ್ಥ ಅಲ್ಲ. ನಮ್ಮನ್ನ ತಯಾರು ಮಾಡೋದೇ ಹಾಗೆ. ಎಂಬಿಬಿಎಸ್‌ನಲ್ಲಿ ನಾನು ಓದೋವಾಗ ಸೈಕಿಯಾಟ್ರಿ ಅಂದ್ರೆ ಎರಡು ವಾರದ ಪೋಸ್ಟಿಂಗ್. ಅರ್ಧ ಜನ ಆ ಎರಡು ವಾರ ಪಿಜಿ ಎಂಟ್ರೆನ್ಸಿಗೆ ಓದ್ತಿದ್ರು, ನಾನೂ ಸೇರಿ. ಕೇಸ್ ಶೀಟಲ್ಲಿ ಕಾಲಂಗಳಿರ್ತವೆ, ಅವನ್ನ ತುಂಬಬೇಕು. ರೋಗಿ ಕಥೆ ಹೇಳ್ತಾ ಹೇಳ್ತಾ ಕಾಲಂ ಬಿಟ್ಟು ಆಚೆ ಹೋದ್ರೆ "ಅದಿರ್ಲಿ, ಕೇಳಿದ್ದಕ್ಕೆ ಉತ್ತರ ಹೇಳಿ" ಅನ್ನೋದು ನಮ್ಮ ಬಾಯಿಗೆ ತಾನಾಗೇ ಬರತ್ತೆ. 2019ರಿಂದ ಹೊಸ ಪಠ್ಯಕ್ರಮ ಬಂದಿದೆ, ಅದರಲ್ಲಿ ನಡವಳಿಕೆ, ನೈತಿಕತೆ, ಸಂವಹನ ಅಂತ ಎಟ್‌ಕಾಮ್ ಅನ್ನೋ ಭಾಗ ಇದೆ. ಒಳ್ಳೇದೇ. ಆದ್ರೆ ನೂರೈವತ್ತು ಮಕ್ಕಳ ಲೆಕ್ಚರ್ ಹಾಲಲ್ಲಿ ಮೌನವಾಗಿ ಕೇಳಿಸಿಕೊಳ್ಳೋದನ್ನ ಸ್ಲೈಡ್ ಹಾಕಿ ಕಲಿಸೋಕಾಗತ್ತಾ? ಈಜು ಕಲಿಸೋಕೆ ಪಿಪಿಟಿ ಮಾಡಿದ ಹಾಗೆ.

ಸರಿ, ಎಂಡಿ ಸೈಕಿಯಾಟ್ರಿಗೆ ಬಂದ್ರೆ? ಮೂರು ವರ್ಷ. ಸೈಕೋಥೆರಪಿ ಸಿಲಬಸ್ಸಲ್ಲಿ ಇದೆ. ಪರೀಕ್ಷೇಲಿ ಕೇಳ್ತಾರೆ, ಸಿಬಿಟಿಯ ತತ್ವಗಳನ್ನ ಬರೆಯಿರಿ ಅಂತ. ನಾವು ಬರೀತೀವಿ, ಮಾರ್ಕ್ಸೂ ಬರತ್ತೆ. ಆದ್ರೆ ಒಬ್ಬ ರೋಗಿಯ ಜೊತೆ ಹದಿನೈದು, ಇಪ್ಪತ್ತು ವಾರ ಕೂತು, ಪ್ರತಿ ವಾರ ಅದನ್ನ ಇನ್ನೊಬ್ಬರ ಮುಂದೆ ಬಿಚ್ಚಿಟ್ಟು ಬೈಸಿಕೊಳ್ಳೋ ಅವಕಾಶ ಎಲ್ಲ ಕಡೆ ಸಿಗಲ್ಲ. ನನಗೆ ಸಿಕ್ತು, ಅದೃಷ್ಟ. ನನ್ನ ಬ್ಯಾಚಿನವರು ಬೇರೆ ಬೇರೆ ಕಡೆ ಓದಿದವರನ್ನ ಕೇಳಿದ್ರೆ, "ಥೆರಪಿ ಕೇಸಾ? ಲಾಗ್‌ಬುಕ್ಕಿಗೆ ಬರೆದಿದ್ವಿ" ಅಂತ ನಗ್ತಾರೆ. ನಾನು ಕೆಲಸ ಮಾಡಿದ ಒಂದು ಕಡೆ (ಹೆಸರು ಬೇಡ) ಥೆರಪಿಗೆ ಅಂತ ಒಂದು ಕೋಣೆ ಇತ್ತು. ಒಳಗೆ ಹಳೇ ಕೇಸ್ ಶೀಟುಗಳ ಗಂಟು ಇಟ್ಟಿದ್ರು.

ಬೇರೆ ದೇಶಗಳಲ್ಲಿ ಹೇಗಿದೆ ಅಂತ ಚಿಕ್ಕದಾಗಿ ಹೇಳಿ ಮುಂದೆ ಹೋಗ್ತೀನಿ. ಬ್ರಿಟನ್ನಲ್ಲಿ ಸೈಕಿಯಾಟ್ರಿ ತರಬೇತಿಯ ಮೊದಲ ಹಂತ ದಾಟಬೇಕು ಅಂದ್ರೆ ಒಂದು ಚಿಕ್ಕ ಅವಧಿಯ ಕೇಸು, ಒಂದು ದೀರ್ಘ ಅವಧಿಯ ಕೇಸು, ಎರಡನ್ನೂ ಸೂಪರ್‌ವೈಸರ್ ಕೈಕೆಳಗೆ ಮಾಡಬೇಕು. ಅಮೆರಿಕದಲ್ಲಿ 2001ರ ಹೊತ್ತಿಗೆ ಐದು ಬಗೆಯ ಥೆರಪಿಗಳಲ್ಲಿ ಸಾಮರ್ಥ್ಯ ಬೇಕು ಅಂತ ನಿಯಮ ಮಾಡಿದ್ರು, ಐದು ಜಾಸ್ತಿ ಆಯ್ತು ಅನ್ನಿಸಿ ಆಮೇಲೆ ಮೂರಕ್ಕೆ ಇಳಿಸಿದ್ರು: ಸಪೋರ್ಟಿವ್, ಸೈಕೋಡೈನಮಿಕ್, ಸಿಬಿಟಿ. ಅಲ್ಲೂ ಎಲ್ಲ ಸರಿಯಿದೆ ಅಂತಲ್ಲ. ನಿಯಮ ಇದೆ ಅಷ್ಟೇ.

ನನಗೆ ನಿಜವಾಗ್ಲೂ ಹಿಡಿಸಿದ್ದು ಬೇರೆ ಒಂದು. ಮೈಕೆಲ್ ಬಾಲಿಂಟ್ ಅಂತ ಒಬ್ಬರಿದ್ರು. ಹಂಗೇರಿಯವರು, ಬುಡಾಪೆಸ್ಟಲ್ಲಿ ಅವರಪ್ಪ ಸಾಮಾನ್ಯ ವೈದ್ಯರಾಗಿದ್ರು, ನಮ್ಮ ಭಾಷೇಲಿ ಗಲ್ಲಿ ಡಾಕ್ಟರ್. ಬಾಲಿಂಟ್ ಮನೋವಿಶ್ಲೇಷಕರಾಗಿ ಇಂಗ್ಲೆಂಡಿಗೆ ಬಂದು, 1950ರ ದಶಕದಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಲ್ಲಿ ಸಾಮಾನ್ಯ ವೈದ್ಯರ ಚಿಕ್ಕ ಗುಂಪು ಮಾಡಿದ್ರು. ಹೆಂಡತಿ ಎನಿಡ್ ಕೂಡ ಈ ಕೆಲಸದಲ್ಲಿ ಜೊತೆಗಿದ್ರು. ವೈದ್ಯರು ವಾರಕ್ಕೊಮ್ಮೆ ಕೂತು ತಲೆಕೆಡಿಸ್ತಿರೋ ಒಬ್ಬ ರೋಗಿಯ ಬಗ್ಗೆ ಹೇಳಬೇಕು. ಲ್ಯಾಬ್ ರಿಪೋರ್ಟ್ ಓದೋದಲ್ಲ. ಆ ರೋಗಿ ಬಾಗಿಲಲ್ಲಿ ಕಂಡ್ರೆ ನಿಮಗೆ ಯಾಕೆ ಕಿರಿಕಿರಿ ಆಗತ್ತೆ, ಯಾಕೆ ಅವರಿಗೆ ಮಾತ್ರ ಇಲ್ಲ ಅನ್ನೋಕಾಗಲ್ಲ, ಯಾಕೆ ಬೇಗ ಕಳಿಸಿಬಿಡ್ತೀರಿ? ಇದೇ ಚರ್ಚೆ. 1957ರಲ್ಲಿ ಅವರು ಬರೆದ ಪುಸ್ತಕದಲ್ಲಿ ಒಂದು ವಿಚಾರ ಇದೆ: ಸಾಮಾನ್ಯ ವೈದ್ಯಕೀಯದಲ್ಲಿ ಅತಿ ಹೆಚ್ಚು ಬಳಕೆಯಾಗೋ ಔಷಧಿ ಅಂದ್ರೆ ಡಾಕ್ಟರೇ. ಆದ್ರೆ ಆ ಔಷಧಿಯ ಡೋಸ್ ಎಷ್ಟು, ಸೈಡ್ ಎಫೆಕ್ಟ್ ಏನು, ಯಾವ ಪುಸ್ತಕದಲ್ಲೂ ಬರೆದಿಲ್ಲ.

ಸೈಡ್ ಎಫೆಕ್ಟ್ ಅನ್ನೋ ಮಾತು ನನಗೆ ಸುಮ್ಮನೆ ಓದಿ ಬಿಡೋಕೆ ಆಗಲ್ಲ. ಹೇಳಲೋ ಬೇಡವೋ ಅಂತ ಯೋಚನೆ ಮಾಡ್ತಿದ್ದೆ, ಹೇಳ್ತೀನಿ. ಎಂಡಿ ಮೊದಲ ವರ್ಷ, ಸೋಮವಾರದ ಓಪಿಡಿ. ಒಬ್ಬ ಹೆಂಗಸು ಬಂದ್ರು. ಎದೆ ಉರಿ, ಕೈಕಾಲು ಸೆಳೆತ. ಹೊಟ್ಟೆಗೆ ಎಂಡೋಸ್ಕೋಪಿ ಆಗಿತ್ತು, ಹೃದಯಕ್ಕೆ ಎಕೋ ಆಗಿತ್ತು, ಎಲ್ಲ ನಾರ್ಮಲ್. ಹಾಗಾಗಿ ನಮ್ಮ ಕಡೆ ಕಳಿಸಿದ್ರು. ನಾನು ಡಿಪ್ರೆಷನ್ ಚೆಕ್‌ಲಿಸ್ಟ್ ಕೇಳಿದೆ, ಸರಿಯಾಗೇ ಕೇಳಿದೆ. ಡಯಾಗ್ನೋಸಿಸ್ ತಪ್ಪಿರಲಿಲ್ಲ. ಮಾತ್ರೆಯೂ ತಪ್ಪಿರಲಿಲ್ಲ. "ಸಾಯಬೇಕು ಅನ್ಸತ್ತಾ?" ಅಂತಲೂ ಕೇಳಿದೆ, ಪೆನ್ನು ಕಾಗದದ ಮೇಲೆ ಇಟ್ಕೊಂಡು, ತಲೆ ಎತ್ತದೆ. ಹಿಂದೆ ಗಂಡ ನಿಂತಿದ್ರು, ಅತ್ತೆ ನಿಂತಿದ್ರು. ಅವರು "ಇಲ್ಲ" ಅಂದ್ರು. ಎದ್ದು ಹೋಗೋವಾಗ ಬಾಗಿಲ ಹತ್ರ ನಿಂತು "ಮೇಡಂ..." ಅಂದ್ರು. ನಾನು ಮುಂದಿನ ಫೈಲ್ ತೆಗೀತಿದ್ದೆ. "ಏನಮ್ಮಾ?" ಅಂದೆ. "ಏನಿಲ್ಲ, ಆಯ್ತು ಬಿಡಿ" ಅಂದ್ರು.

ಮೂರು ವಾರ ಬಿಟ್ಟು ನನ್ನ ನೈಟ್ ಡ್ಯೂಟಿ ದಿನವೇ ಕ್ಯಾಷುವಾಲ್ಟಿಗೆ ಬಂದ್ರು. ಬದುಕಿದ್ರು. ಇವತ್ತಿಗೂ ಇದ್ದಾರೆ, ಚೆನ್ನಾಗಿದ್ದಾರೆ. ಐಸಿಯುವಿಂದ ವಾರ್ಡಿಗೆ ಬಂದ ಮೇಲೆ ನಾನು ಸ್ಟೂಲ್ ಎಳ್ಕೊಂಡು ಪಕ್ಕ ಕೂತೆ. ಆವತ್ತು ಬಾಗಿಲಲ್ಲಿ ಏನು ಹೇಳಬೇಕು ಅಂತಿದ್ರಿ ಅಂತ ಕೇಳಿದೆ. ಅವರು ನೆನಪಿಸಿಕೊಂಡು ಹೇಳಿದ್ರು, "ಇವರನ್ನ ಸ್ವಲ್ಪ ಹೊರಗೆ ಕಳಿಸ್ತೀರಾ ಅಂತ ಕೇಳೋಣ ಅಂತಿದ್ದೆ."

ಅಷ್ಟೇ. ಹೊರಗೆ ಕಳಿಸೋಕೆ ಯಾವ ಥೆರಪಿ ಡಿಗ್ರಿ ಬೇಕು? ಏನೂ ಬೇಡ. ಆದ್ರೆ ಬಾಗಿಲಲ್ಲಿ ನಿಂತವರ "ಏನಿಲ್ಲ" ಅನ್ನೋದು ಏನಿಲ್ಲ ಅಲ್ಲ ಅಂತ ಕಿವಿಗೆ ಕೇಳಬೇಕಲ್ಲ, ಅದಕ್ಕೆ ತರಬೇತಿ ಬೇಕು. ಸ್ಟೆತೋಸ್ಕೋಪಲ್ಲಿ ಮರ್ಮರ್ ಕೇಳೋಕೆ ನಮಗೆ ಐದು ವರ್ಷ ಕಲಿಸ್ತಾರೆ. ಮೊದಲ ಸಲ ಯಾರಿಗೂ ಕೇಳಲ್ಲ, ಸೀನಿಯರ್ ಪಕ್ಕ ನಿಂತು "ಈಗ ಕೇಳು, ಲಬ್ ಆದ್ಮೇಲೆ ನೋಡು" ಅಂತ ಹೇಳ್ಕೊಟ್ಟ ಮೇಲೆ ಕೇಳತ್ತೆ. ಇದೂ ಹಾಗೇ.

ಇನ್ನೊಂದು ತೊಡಕು ಭಾಷೆ. ನಾವು ಕಲಿಯೋದು ಪೂರ್ತಿ ಇಂಗ್ಲಿಷಲ್ಲಿ. ರೋಗಿ ಹೇಳೋದು "ಬೇಜಾರು" ಅಂತ. ಈ ಬೇಜಾರು ಅನ್ನೋ ಪದ ಇದೆಯಲ್ಲ, ಅದರಲ್ಲಿ ಬೋರ್ ಇದೆ, ದುಃಖ ಇದೆ, ಸಿಟ್ಟಿದೆ, ಮುನಿಸಿದೆ. "ಅವನ ಮೇಲೆ ಬೇಜಾರು" ಬೇರೆ, "ಜೀವನಾನೇ ಬೇಜಾರು" ಬೇರೆ. ಕೇಸ್ ಶೀಟಲ್ಲಿ ನಾವು ಎಲ್ಲದಕ್ಕೂ "ಸ್ಯಾಡ್‌ನೆಸ್" ಅಂತ ಬರೆದು ಮುಗಿಸ್ತೀವಿ. ಉತ್ತರ ಕರ್ನಾಟಕದ ಕಡೆ "ಜೀವ ಸಾಕಾಗೇತ್ರಿ" ಅಂತಾರೆ. ಇದು ಹೊಲದ ಕೆಲಸದಿಂದ ದಣಿದದ್ದೂ ಇರಬಹುದು, ಸಾವಿನ ಯೋಚನೇನೂ ಇರಬಹುದು. ಕೇಳದೆ ಗೊತ್ತಾಗಲ್ಲ. "ಯಾಕೋ ಒಂಥರಾ ಆಗತ್ತೆ" ಅನ್ನೋದನ್ನ ಯಾವ ಪುಸ್ತಕಕ್ಕೂ ಅನುವಾದ ಮಾಡೋಕಾಗಲ್ಲ. "ಒಂಥರಾ ಅಂದ್ರೆ ಯಾವ ಥರಾ?" ಅಂತ ಕೇಳಿ ಸುಮ್ಮನಿರಬೇಕು. ನೀನು ಅನ್ನಬೇಕಾ ನೀವು ಅನ್ನಬೇಕಾ ಅನ್ನೋದೂ ಒಂದು ತೀರ್ಮಾನವೇ. ಇಂಗ್ಲಿಷ್ ಪುಸ್ತಕಗಳಿಗೆ ಆ ತಲೆನೋವಿಲ್ಲ.

ನಮ್ಮಲ್ಲಿ ಈ ಯೋಚನೆ ಯಾರೂ ಮಾಡಿಲ್ಲ ಅಂತಲ್ಲ. ಕಲ್ಕತ್ತದಲ್ಲಿ ಗಿರೀಂದ್ರಶೇಖರ ಬೋಸ್ ಅನ್ನೋ ವೈದ್ಯರು ಫ್ರಾಯ್ಡ್ ಜೊತೆ ಪತ್ರವ್ಯವಹಾರ ಇಟ್ಕೊಂಡಿದ್ರು, 1922ರಲ್ಲೇ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ್ರು. ಬೆಂಗಳೂರಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯ್ತು, ಅದೇ 1974ರಲ್ಲಿ ಮಾನಸಿಕ ಆಸ್ಪತ್ರೆ ಜೊತೆ ಸೇರಿ ನಿಮ್ಹಾನ್ಸ್ ಆಯ್ತು. ಆ ಸಂಸ್ಥೆಯಲ್ಲಿದ್ದ ಎನ್.ಸಿ. ಸೂರ್ಯ, ಜಯರಾಂ ಜೊತೆ ಸೇರಿ 1964ರಲ್ಲಿ ಒಂದು ಲೇಖನ ಬರೆದ್ರು, ಭಾರತದ ಸಂದರ್ಭದಲ್ಲಿ ಸೈಕೋಥೆರಪಿ ಹೇಗಿರಬೇಕು ಅಂತ. ನಮ್ಮ ರೋಗಿಗಳು ಮನಸ್ಸಿನೊಳಗಿನ ವಿಶ್ಲೇಷಣೆಗಿಂತ ನೇರವಾದ ಆಸರೆ ಬಯಸ್ತಾರೆ, ಡಾಕ್ಟರಿಂದ ವೈಯಕ್ತಿಕ ಗಮನ ಕೇಳ್ತಾರೆ ಅನ್ನೋದು ಅದರ ಧಾಟಿ. ಜಸ್ವಂತ್ ಸಿಂಗ್ ನೇಕಿ ಅಂತ ಇನ್ನೊಬ್ಬರು, ಪಂಜಾಬಿಯ ದೊಡ್ಡ ಕವಿಯೂ ಹೌದು, ಸೈಕಿಯಾಟ್ರಿಸ್ಟೂ ಹೌದು. ಥೆರಪಿಸ್ಟ್ ಮತ್ತು ರೋಗಿಯ ಸಂಬಂಧವನ್ನ ಗುರು-ಶಿಷ್ಯರ ಸಂಬಂಧದ ಹಾಗೆ ನೋಡಬಹುದಲ್ಲ ಅಂತ 1973ರಲ್ಲಿ ಬರೆದ್ರು. ನನಗೆ ಇದರ ಬಗ್ಗೆ ಪೂರ್ತಿ ಒಪ್ಪಿಗೆ ಇಲ್ಲ. ಗುರು ಅಂದ ಕೂಡಲೇ ಶಿಷ್ಯ ಬಾಯಿ ಮುಚ್ಚಿಕೊಳ್ತಾನೆ. ಆ ಹೆಂಗಸು "ಆಯ್ತು ಬಿಡಿ" ಅಂದದ್ದು ನಾನು ಗುರುವಿನ ಕುರ್ಚಿಯಲ್ಲಿ ಕೂತಿದ್ದಕ್ಕೇ ಅಲ್ವಾ?

ಕುಟುಂಬದ ವಿಷಯದಲ್ಲಿ ಮಾತ್ರ ನಮ್ಮವರು ಮುಂದೆ ಇದ್ರು. 1950ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅನ್ನೋರು ಆವರಣದಲ್ಲಿ ಟೆಂಟ್ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡ್ರು. ಗೋಡೆಯೊಳಗೆ ಬಿಟ್ಟು ಹೋಗೋ ಕಾಲ ಅದು. ಹಾಗಾಗಿ ಮನೆಯವರನ್ನ ಹೊರಗೆ ಕಳಿಸೋದೇ ಸರಿ ಅಂತ ನಾನು ಹೇಳ್ತಿಲ್ಲ. ಒಂದು ಹತ್ತು ನಿಮಿಷ ಒಳಗೆ, ಹತ್ತು ನಿಮಿಷ ಹೊರಗೆ. ಯಾವಾಗ ಯಾವುದು ಅಂತ ತಿಳಿಯೋದೇ ಕೌಶಲ.

"ಮಾತಿನ ಕೆಲಸ ಸೈಕಾಲಜಿಸ್ಟ್ ಮಾಡ್ಲಿ, ನಾವು ಮಾತ್ರೆ ನೋಡ್ಕೋತೀವಿ" ಅಂತ ನನ್ನ ಸಹೋದ್ಯೋಗಿಗಳೇ ಹೇಳ್ತಾರೆ. ಬೆಂಗಳೂರಲ್ಲಿ ಕೂತು ಹೇಳಬಹುದು. ನಿಮ್ಹಾನ್ಸ್ ಮುಂದಾಳತ್ವದ 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನಕ್ಕೆ ಆ ಹೊತ್ತಿಗೆ ಯಾವುದೋ ಒಂದು ಮಾನಸಿಕ ಸಮಸ್ಯೆ ಇತ್ತು. ಕಾಯಿಲೆ ಯಾವುದು ಅನ್ನೋದರ ಮೇಲೆ ಶೇ. 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ತಾಲೂಕು ಆಸ್ಪತ್ರೇಲಿ ಸೈಕಾಲಜಿಸ್ಟನ್ನ ಎಲ್ಲಿಂದ ತರ್ತೀರಿ? ಇನ್ನೊಂದು ಮಾತು, ಮಾತ್ರೆ ಕೊಡೋದೂ ಮಾತಿನ ಕೆಲಸವೇ. "ಇದು ತಗೊಂಡ್ರೆ ಅಡಿಕ್ಟ್ ಆಗ್ತೀನಾ?" ಅನ್ನೋ ಪ್ರಶ್ನೆಗೆ ಉತ್ತರ ಸಿಗದ ರೋಗಿ ಮೂರನೇ ದಿನಕ್ಕೆ ಸ್ಟ್ರಿಪ್ ಕಸದ ಬುಟ್ಟಿಗೆ ಹಾಕ್ತಾರೆ. ನಾನು ಮಾತ್ರೆಯ ವಿರೋಧಿ ಅಲ್ಲ, ದಯವಿಟ್ಟು ಈ ಸಂಚಿಕೆ ಕೇಳಿ ಯಾರೂ ಮಾತ್ರೆ ನಿಲ್ಲಿಸಬೇಡಿ.

1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲೇ ಒಂದು ಪ್ರಯೋಗ ನಡೆದಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮಾನಸಿಕ ಕಾಯಿಲೆ ಗುರುತಿಸೋದು, ಔಷಧಿ ಕೊಡೋದು ಕಲಿಸಿದ್ರು. ಅದೇ ಮಾದರಿ ಇಟ್ಕೊಂಡು ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೆಳೀತು. ಹೆಮ್ಮೆಯ ವಿಷಯ. ಆದ್ರೆ ಇಂಥ ತರಬೇತಿಗಳಲ್ಲಿ ಹೆಚ್ಚಿನ ಪಾಲು ಹೋಗೋದು ರೋಗ ಗುರುತಿಸೋಕೆ, ಮಾತ್ರೆಗೆ. ಮಾತಿಗೆ ಕೊನೆಯ ದಿನ ಊಟ ಆದ ಮೇಲಿನ ಸೆಷನ್.

ಗೋವಾದಲ್ಲಿ ವಿಕ್ರಮ್ ಪಟೇಲ್ ಅವರ ತಂಡ ಇದನ್ನ ತಿರುಗಿಸಿ ನೋಡಿತು. ವೈದ್ಯರಲ್ಲದ, ಸೈಕಾಲಜಿ ಓದಿರದ ಸಾಮಾನ್ಯ ಜನಕ್ಕೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರಕ್ಕೆ ಬಂದ ತೀವ್ರ ಡಿಪ್ರೆಷನ್ ರೋಗಿಗಳ ಜೊತೆ ಆರರಿಂದ ಎಂಟು ಸೆಷನ್ ಮಾಡಿಸಿದ್ರು. ವಿಷಯ ಸರಳ: ನಿಂತುಹೋದ ದಿನಚರಿಯನ್ನ ಸ್ವಲ್ಪ ಸ್ವಲ್ಪವಾಗಿ ಮತ್ತೆ ಶುರು ಮಾಡಿಸೋದು. ಮಾಮೂಲಿ ಚಿಕಿತ್ಸೆ ಜೊತೆಗೆ ಇದು ಸಿಕ್ಕವರು, ಸಿಗದವರಿಗಿಂತ ಚೆನ್ನಾಗಿ ಸುಧಾರಿಸಿದ್ರು. ಲ್ಯಾನ್ಸೆಟ್‌ನಲ್ಲಿ 2017ರಲ್ಲಿ ಬಂತು. ನನ್ನ ಹೊಟ್ಟೆ ಉರಿದದ್ದು ಫಲಿತಾಂಶ ನೋಡಿ ಅಲ್ಲ. ಆ ಕೌನ್ಸೆಲರುಗಳು ತಮ್ಮ ಸೆಷನ್ ರೆಕಾರ್ಡ್ ಮಾಡಿ, ಗುಂಪಲ್ಲಿ ಕೂತು ಒಬ್ಬರದ್ದನ್ನ ಒಬ್ಬರು ಕೇಳಿ ಅಂಕ ಕೊಡ್ತಿದ್ರು. ಅಂದ್ರೆ ಅವರಿಗೆ ಸಿಕ್ಕಷ್ಟು ಸೂಪರ್‌ವಿಷನ್ ಎಷ್ಟೋ ಎಂಡಿ ಮಾಡಿದವರಿಗೆ ಮೂರು ವರ್ಷದಲ್ಲಿ ಸಿಕ್ಕಿಲ್ಲ.

ಇದನ್ನ ಓದಿದ ಮೇಲೆ ನಾವು ನಾಲ್ಕೈದು ಜನ ಒಂದು ಚಿಕ್ಕ ಗುಂಪು ಶುರು ಮಾಡಿದ್ವಿ. ತಾಲೂಕು ಆಸ್ಪತ್ರೆಯ ಒಬ್ಬ ಮೂಳೆ ಡಾಕ್ಟರ್, ಇಬ್ಬರು ಪಿಎಚ್‌ಸಿ ಡಾಕ್ಟರುಗಳು, ಒಬ್ಬ ಹೆರಿಗೆ ಡಾಕ್ಟರ್, ನಾನು. ಗುರುವಾರ ರಾತ್ರಿ ಒಂಬತ್ತಕ್ಕೆ ವಿಡಿಯೋ ಕಾಲ್. ರೋಗಿಯ ಹೆಸರಿಲ್ಲ, ಊರಿಲ್ಲ. ಬಾಲಿಂಟ್ ಮಾಡಿದ ಹಾಗೆ, ತಲೆಕೆಡಿಸಿದ ಒಂದು ಕೇಸು. ಮೊದಲ ತಿಂಗಳು ಎಲ್ಲರೂ ಸಲಹೆ ಕೊಡೋದರಲ್ಲೇ ಇದ್ವಿ. ವಿಟಮಿನ್ ಡಿ ನೋಡಿದ್ರಾ, ಥೈರಾಯ್ಡ್ ನೋಡಿದ್ರಾ. ಡಾಕ್ಟರುಗಳು ಹಾಗೇ, ಸುಮ್ಮನಿರೋಕೆ ಬರಲ್ಲ. ಮಧ್ಯೆ ನೆಟ್‌ವರ್ಕ್ ಹೋಗೋದು ಬೇರೆ.

ಎರಡನೇ ತಿಂಗಳು ಮೂಳೆ ಡಾಕ್ಟರ್ ಒಬ್ಬರು ಅಜ್ಜನ ಬಗ್ಗೆ ಹೇಳಿದ್ರು. ಬೆನ್ನು ನೋವು ಅಂತ ಹತ್ತು ಸಲ ಬಂದಿದ್ದಾರೆ, ಎಕ್ಸ್‌ರೇಲಿ ಏನಿಲ್ಲ, ಬಂದ್ರೆ ಎದ್ದು ಹೋಗಲ್ಲ. "ನನಗೆ ಆ ಮನುಷ್ಯನ್ನ ಕಂಡ್ರೆ ಸಿಟ್ಟು ಬರತ್ತೆ" ಅಂದ್ರು. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ, "ಅವರು ಥೇಟ್ ನಮ್ಮಪ್ಪನ ಹಾಗೆ ಕೂರ್ತಾರೆ. ನಮ್ಮಪ್ಪಂಗೆ ಫೋನ್ ಮಾಡಿ ಹದಿನೈದು ದಿನ ಆಯ್ತು" ಅಂದ್ರು. ಮುಂದಿನ ಸಲ ಆ ಅಜ್ಜ ಬಂದಾಗ ಎಕ್ಸ್‌ರೇ ಬರೀದೆ, ಮನೇಲಿ ಯಾರಿದ್ದಾರೆ ಅಂತ ಕೇಳಿದ್ರಂತೆ. ಮಗ ದುಬೈ, ಹೆಂಡತಿ ತೀರಿಕೊಂಡು ಎಂಟು ತಿಂಗಳು. ಬೆನ್ನು ನೋವು ಶುರುವಾಗಿದ್ದೂ ಎಂಟು ತಿಂಗಳ ಹಿಂದೆ. ಕೇಳಿಸಿಕೊಂಡ ಮೇಲೆ ಬೆನ್ನು ನೋವು ಮಾಯ ಆಯ್ತಾ? ಇಲ್ಲ. ಅಜ್ಜ ಇನ್ನೂ ಬರ್ತಾರೆ, ತಿಂಗಳಿಗೊಂದು ಸಲ. ನೋವು ಇದೆ, ಇಂಜೆಕ್ಷನ್ ಮಾತ್ರ ಕೇಳಲ್ಲ.

ಈಗ ನಿಮ್ಮ ಕಡೆಯ ಪ್ರಶ್ನೆ, ಡಾಕ್ಟರ್ ಹತ್ರ ಹೋದಾಗ ಏನ್ ಮಾಡಬೇಕು? ಹೇಳಬೇಕಾದ ಮುಖ್ಯ ಮಾತನ್ನ ಫೋನಿನ ನೋಟ್ಸಲ್ಲಿ ಒಂದೇ ಸಾಲಲ್ಲಿ ಬರ್ಕೊಂಡು ಹೋಗಿ, ಕೂತ ಕೂಡಲೇ ಅದನ್ನೇ ಓದಿ. ಮನೆಯವರನ್ನ ಐದು ನಿಮಿಷ ಹೊರಗೆ ಕಳಿಸಿ ಅಂತ ಕೇಳೋದು ನಿಮ್ಮ ಹಕ್ಕು, ಬಾಗಿಲ ತನಕ ಕಾಯಬೇಡಿ. ಥೆರಪಿ ಕೊಡ್ತೀನಿ ಅನ್ನೋರನ್ನ, ಅವರು ಡಾಕ್ಟರಾದ್ರೂ ಸರಿ, "ನಿಮಗೆ ಸೂಪರ್‌ವೈಸರ್ ಇದ್ದಾರಾ?" ಅಂತ ಕೇಳಿ. ಒಳ್ಳೇ ಥೆರಪಿಸ್ಟಿಗೆ ಈ ಪ್ರಶ್ನೆಯಿಂದ ಸಿಟ್ಟು ಬರಲ್ಲ. ವೀಕೆಂಡ್ ಸರ್ಟಿಫಿಕೇಟ್ ಇಟ್ಕೊಂಡು ಇನ್‌ಸ್ಟಾಗ್ರಾಮಲ್ಲಿ ಕೂತವರಿಗೆ ಬರಬಹುದು. ರಾತ್ರಿ ಹೊತ್ತು ತಡೆಯೋಕಾಗದ ಹಾಗೆ ಆದ್ರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕೇಳ್ತಿರೋರಲ್ಲಿ ಮೆಡಿಕಲ್ ಓದ್ತಿರೋರು ಇದ್ರೆ, ನಮ್ಮ ಗುರುವಾರದ ಗುಂಪಲ್ಲಿ ಎರಡು ಜಾಗ ಖಾಲಿ ಇದೆ. ಹೆರಿಗೆ ಡಾಕ್ಟರಿಗೆ ವರ್ಗ ಆಯ್ತು, ಇನ್ನೊಬ್ಬರಿಗೆ ಒಂಬತ್ತು ಗಂಟೆ ಆಗ್ತಿಲ್ಲ, ಮಗು ಮಲಗಲ್ಲ ಅಂತೆ. ಈ ಪಾಡ್‌ಕಾಸ್ಟಿನ ಇನ್‌ಬಾಕ್ಸಿಗೇ ಬರೀರಿ. ಥೈರಾಯ್ಡ್ ನೋಡಿದ್ರಾ ಅಂತ ಕೇಳಲ್ಲ ಅಂತ ಮಾತು ಕೊಟ್ರೆ ಸಾಕು.